ಗುಡ್ಡ ಹತ್ತದ ಗಾಡಿಗೆ ಗೇರ್ ಕೇಳಿದವಳು

ಬೆಂಜ್ ಅಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ನೆನಪಾಗುವುದು ಮೂರು ಕಡ್ಡಿಯ ಆ ನಕ್ಷತ್ರ. ಸ್ವಲ್ಪ ಓದಿಕೊಂಡವರಾದರೆ ಕಾರ್ಲ್ ಬೆಂಜ್ ಹೆಸರು ಹೇಳುತ್ತಾರೆ, 1886ರ ಪೇಟೆಂಟ್ ಅನ್ನುತ್ತಾರೆ. ಕ್ವಿಜ್ ಗೆಲ್ಲಲು ಅಷ್ಟು ಸಾಕು. ಆದರೆ ಐದನೇ ಸೆಮಿಸ್ಟರ್‌ನಲ್ಲಿ ಗೇರು, ಬೆಲ್ಟು, ಚೈನುಗಳ ಲೆಕ್ಕ ಮಾಡುತ್ತಾ ಕೂತಿರುವ ನನಗೆ ಆ ಮನೆಯಲ್ಲಿ ಹೆಚ್ಚು ಹತ್ತಿರವಾದದ್ದು ಕಾರ್ಲ್ ಅಲ್ಲ, ಆತನ ಹೆಂಡತಿ ಬರ್ತಾ. ಆಕೆಯ ಬಗ್ಗೆ ಮಹಿಳಾ ದಿನದಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಕಥೆ ನಿಮಗೂ ಬಂದಿರಬಹುದು: ಟೋಪಿ ಪಿನ್ನಿನಿಂದ ಕಾರು ರಿಪೇರಿ ಮಾಡಿದ ಹೆಂಗಸು. ಕಥೆ ಸುಳ್ಳಲ್ಲ. ಆದರೆ ಆಕೆ ಮಾಡಿದ ಕೆಲಸದಲ್ಲಿ ಅದು ತೀರಾ ಚಿಕ್ಕದು ಅನ್ನುವುದು ನನ್ನ ತಕರಾರು.

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ನೈಋತ್ಯ ಜರ್ಮನಿಯ ಬಾಡೆನ್ ಸೀಮೆಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ಒಡವೆ ಮತ್ತು ಗಡಿಯಾರದ ಕೆಲಸಕ್ಕೆ ಹೆಸರಾದ ಊರು ಅದು. ತಂದೆ ಮರಗೆಲಸ, ಮನೆ ಕಟ್ಟುವ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದವರು. ಮನೆ ತುಂಬ ಮಕ್ಕಳು. ಇವಳು ಹುಟ್ಟಿದಾಗ ಮನೆಯ ಬೈಬಲ್‌ನಲ್ಲಿ, ಅಯ್ಯೋ ಮತ್ತೆ ಹೆಣ್ಣೇ ಆಯಿತಲ್ಲ ಅನ್ನುವ ಅರ್ಥದ ಒಂದು ಸಾಲು ಬರೆದಿಟ್ಟಿದ್ದರಂತೆ, ಮುಂದೆ ಬರ್ತಾಳೇ ಅದನ್ನು ಓದಿದಳಂತೆ. ಇದನ್ನು ಓದಿದಾಗ ನನ್ನ ಅಜ್ಜಿ ನೆನಪಾದರು. ದೇಶ ಯಾವುದಾದರೇನು, ಆ ಸಾಲು ಎಲ್ಲ ಕಡೆ ಒಂದೇ.

ಹುಡುಗಿ ಶಾಲೆಗೆ ಹೋದಳು, ವಿಜ್ಞಾನದಲ್ಲಿ ಆಸಕ್ತಿ ಇತ್ತು. ಆದರೆ ಅಲ್ಲಿಗೆ ನಿಂತಿತು. ಬಾಡೆನ್‌ನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಪೂರ್ತಿಯಾಗಿ ಬಾಗಿಲು ತೆರೆದದ್ದು 1900ರಲ್ಲಿ. ಜರ್ಮನಿಯಲ್ಲಿ ಮೊದಲು ತೆರೆದದ್ದೇ ಅವು. ಅಷ್ಟು ಹೊತ್ತಿಗೆ ಬರ್ತಾಳಿಗೆ 51 ವರ್ಷ.

1869ರಲ್ಲಿ, ಅಂದರೆ ಈಗ ನನಗಿರುವ ವಯಸ್ಸಿನಲ್ಲಿ, ಆಕೆಗೆ ಕಾರ್ಲ್ ಪರಿಚಯವಾದ. ರೈಲು ಎಂಜಿನ್ ಓಡಿಸುತ್ತಿದ್ದವರ ಮಗ. ಎರಡು ವರ್ಷ ತುಂಬುವ ಮೊದಲೇ ಅಪ್ಪನನ್ನು ಕಳೆದುಕೊಂಡವನು. ತಾಯಿ ಕಷ್ಟಪಟ್ಟು ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಓದಿಸಿದ್ದರು. ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಮಾತ್ರ ಕುದುರೆಯಿಲ್ಲದ ಗಾಡಿ. 1871ರಲ್ಲಿ ಆತ ಮ್ಯಾನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟ್ಟರ್ ಎಂಬಾತನ ಜೊತೆ ಸೇರಿ ಒಂದು ವರ್ಕ್‌ಶಾಪ್ ತೆರೆದ. ಪಾಲುದಾರ ನೆಚ್ಚಿಕೊಳ್ಳುವಂಥವನಲ್ಲ ಅಂತ ಬೇಗನೇ ಗೊತ್ತಾಯಿತು. ಆಗ ಬರ್ತಾ ಮಾಡಿದ್ದು ನೋಡಿ: ಮದುವೆಗೆಂದು ತಂದೆ ತನ್ನ ಹೆಸರಿನಲ್ಲಿ ತೆಗೆದಿಟ್ಟಿದ್ದ ಹಣವನ್ನು ಮದುವೆಗೆ ಮೊದಲೇ ಕೇಳಿ ಪಡೆದು ರಿಟ್ಟರ್‌ನ ಪಾಲನ್ನು ಕೊಂಡು ಅವನನ್ನು ಹೊರಗೆ ಕಳಿಸಿಬಿಟ್ಟಳು. ಕನ್ನಡದಲ್ಲಿ ಇದನ್ನು ವರದಕ್ಷಿಣೆ ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಇದು ಬಂಡವಾಳ. ಇಂದಿನ ಸ್ಟಾರ್ಟಪ್ ಭಾಷೆಯಲ್ಲಿ ಹೇಳಬೇಕೆಂದರೆ ಆಕೆ ಮೊದಲ ಹೂಡಿಕೆದಾರಳು.

1872ರ ಜುಲೈನಲ್ಲಿ ಮದುವೆ ಆಯಿತು. ಮದುವೆಯಾದ ಮೇಲೆ ಅಂದಿನ ಕಾನೂನಿನ ಪ್ರಕಾರ ಹೆಂಡತಿಗೆ ತನ್ನ ಹಣದ ಮೇಲೆ ಸ್ವತಂತ್ರ ಅಧಿಕಾರ ಇರಲಿಲ್ಲ. ಹೂಡಿದ್ದು ತನ್ನ ದುಡ್ಡು, ಒಡೆತನದ ಕಾಗದ ಗಂಡನದು.

ಮುಂದಿನ ಹತ್ತು ವರ್ಷ ಪೂರ್ತಿ ಸಾಲದ ಕಥೆ. ಮಕ್ಕಳು ಒಬ್ಬರ ಹಿಂದೆ ಒಬ್ಬರು: ಯೂಜೆನ್, ರಿಚರ್ಡ್, ಕ್ಲಾರಾ, ಟಿಲ್ಡೆ. ಕೊನೆಯವಳು ಎಲ್ಲೆನ್ ಹುಟ್ಟಿದ್ದು 1890ರಲ್ಲಿ. 1879ರ ಕೊನೆಯ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ಊಟ ಮುಗಿಸಿ ವರ್ಕ್‌ಶಾಪ್‌ಗೆ ಹೋಗಿ ಹಟ ಹಿಡಿದಿದ್ದ ಟೂ ಸ್ಟ್ರೋಕ್ ಎಂಜಿನ್ನನ್ನು ಮತ್ತೊಮ್ಮೆ ತಿರುಗಿಸಿದರು. ಅದು ನಿಲ್ಲದೆ ಓಡಿತು. ಮತ್ತೊಮ್ಮೆ ನೋಡೋಣ ಎಂದು ಹೊರಡಿಸಿದ್ದು ಬರ್ತಾ. 1883ರಲ್ಲಿ ಹೊಸ ಪಾಲುದಾರರೊಂದಿಗೆ ಬೆಂಜ್ ಕಂಪನಿ ಶುರುವಾಯಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು, ನಂಬರ್ 37435. ಅದರಲ್ಲಿ ಕಾರ್ಲ್ ಹೆಸರಿದೆ, ಬರ್ತಾ ಹೆಸರಿಲ್ಲ.

ಈಗ ಆ ಗಾಡಿಯ ಒಳಗೆ ಸ್ವಲ್ಪ ಇಣುಕೋಣ. ಇಲ್ಲದಿದ್ದರೆ ಮುಂದಿನ ಪ್ರಯಾಣದ ನಿಜವಾದ ತೊಂದರೆ ಏನು ಅಂತ ತಿಳಿಯುವುದಿಲ್ಲ.

ಎಂಜಿನ್ ಹಿಂದುಗಡೆ ಸೀಟಿನ ಕೆಳಗೆ. ಒಂದೇ ಸಿಲಿಂಡರು, 954 ಸಿಸಿ, ಮೊದಲ ಗಾಡಿಯಲ್ಲಿ ಶಕ್ತಿ ಒಂದು ಅಶ್ವಶಕ್ತಿಗಿಂತ ಕಡಿಮೆ. ದೊಡ್ಡ ಫ್ಲೈವೀಲ್ ರೊಟ್ಟಿ ಹಂಚಿನಂತೆ ಅಡ್ಡಲಾಗಿ ಮಲಗಿರುತ್ತದೆ. ಅಲ್ಲಿಂದ ಬೆವೆಲ್ ಗೇರು, ಅಲ್ಲಿಂದ ಚರ್ಮದ ಬೆಲ್ಟು, ಬೆಲ್ಟಿನಿಂದ ಒಂದು ಅಡ್ಡ ಶಾಫ್ಟು, ಆ ಶಾಫ್ಟಿನಲ್ಲಿ ಡಿಫರೆನ್ಷಿಯಲ್, ಶಾಫ್ಟಿನ ಎರಡು ತುದಿಯಿಂದ ಹಿಂದಿನ ಎರಡು ಚಕ್ರಕ್ಕೆ ಎರಡು ಚೈನು. ಕ್ಲಚ್ ಅಂತ ಬೇರೆ ಇರಲಿಲ್ಲ. ಹಳ್ಳಿಯ ಹಳೇ ಹಿಟ್ಟಿನ ಗಿರಣಿಯಲ್ಲಿ ಓಡುತ್ತಿರುವ ಬೆಲ್ಟನ್ನು ಕೋಲಿನಿಂದ ಪಕ್ಕದ ಚಕ್ರಕ್ಕೆ ಸರಿಸುವುದನ್ನು ನೋಡಿದ್ದೀರಾ? ಒಂದು ಚಕ್ರ ಶಾಫ್ಟಿಗೆ ಬಿಗಿದಿರುತ್ತದೆ, ಪಕ್ಕದ್ದು ಸುಮ್ಮನೆ ಖಾಲಿ ತಿರುಗುತ್ತದೆ. ಬೆಲ್ಟು ಖಾಲಿ ಚಕ್ರದ ಮೇಲಿದ್ದರೆ ಕಲ್ಲು ನಿಲ್ಲುತ್ತದೆ, ಬಿಗಿದ ಚಕ್ರಕ್ಕೆ ಬಂದರೆ ಬೀಸುತ್ತದೆ. ಬೆಂಜ್ ಗಾಡಿಯಲ್ಲಿಯೂ ಅದೇ ಉಪಾಯ, ಕೋಲಿನ ಬದಲು ಒಂದು ಲಿವರ್.

ನನಗೆ ಇದು ಪುಸ್ತಕದಿಂದ ಅರ್ಥವಾದದ್ದಕ್ಕಿಂತ ಹೆಚ್ಚಾಗಿ ನಮ್ಮ ಕ್ಲಬ್ಬಿನ ನೈಟ್ರೋ ಟ್ರಕ್ಕಿನಿಂದ ಅರ್ಥವಾಯಿತು. ರಿಮೋಟ್ ಕಂಟ್ರೋಲಿನ ಟ್ರಕ್ ಅದು, ನಿಜವಾದದರ ಎಂಟನೇ ಒಂದು ಅಳತೆ. ಆಟಿಕೆ ಅಂದರೆ ನಮಗೆ ಸಿಟ್ಟು ಬರುತ್ತದೆ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆಸಿದ ಇಂಧನದಲ್ಲಿ ಓಡುವ 3.5 ಸಿಸಿಯ ನಿಜವಾದ ಎಂಜಿನ್ನು, ನಿಮಿಷಕ್ಕೆ 30 ಸಾವಿರ ಸುತ್ತಿನ ಹತ್ತಿರ ಹೋಗುತ್ತದೆ. ನಿಂಬೆಹಣ್ಣಿನಷ್ಟು ದೊಡ್ಡದಿಲ್ಲದ ಆ ಸಿಲಿಂಡರಿನಿಂದ ಬರುವ ಅಶ್ವಶಕ್ತಿ, ಬೆಂಜ್‌ನ ಮೊದಲ ಗಾಡಿಗಿಂತ ಹೆಚ್ಚು! ಬೆಂಜ್ ಎಂಜಿನ್ ತಿರುಗುತ್ತಿದ್ದದ್ದು ನಿಮಿಷಕ್ಕೆ ಕೆಲವು ನೂರು ಸುತ್ತು ಮಾತ್ರ. ಶಕ್ತಿ ಅಂದರೆ ತಿರುಚುವ ಬಲ ಮತ್ತು ವೇಗದ ಗುಣಾಕಾರ. ಒಂದರಲ್ಲಿ ಬಲ ಜಾಸ್ತಿ, ಇನ್ನೊಂದರಲ್ಲಿ ವೇಗ ಜಾಸ್ತಿ. ಎರಡಕ್ಕೂ ಎಂಜಿನ್ ಮತ್ತು ಚಕ್ರದ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನ ಹೆಸರೇ ಟ್ರಾನ್ಸ್‌ಮಿಷನ್.

ಕಳೆದ ವರ್ಷ ಈ ಟ್ರಕ್ ಒಂದು ಕಾಟ ಕೊಟ್ಟಿತು. ಸಮತಟ್ಟು ನೆಲದಲ್ಲಿ ಓಡುತ್ತದೆ, ಮರದ ಹಲಗೆಯ ಏರಿಗೆ ಬಂದರೆ ಎಂಜಿನ್ ಕಿರುಚುತ್ತದೆ, ಗಾಡಿ ಅಲ್ಲೇ. ಸೀನಿಯರ್‌ಗಳು ಎರಡು ದಿನ ಕಾರ್ಬ್ಯುರೇಟರಿನ ಸೂಜಿ ತಿರುಗಿಸುತ್ತಲೇ ಇದ್ದರು. ನಾನು ಪಕ್ಕದಲ್ಲಿ ರಿಜಿಸ್ಟರ್ ಬರೆಯುತ್ತಿದ್ದೆ, ಯಾಕೆಂದರೆ ಹುಡುಗಿಯರ ಕೈಬರಹ ಚೆನ್ನಾಗಿರುತ್ತದಂತೆ. ಬರೆಯುತ್ತಾ ಕೇಳಿಸಿಕೊಂಡದ್ದು ಶಬ್ದ. ಏರಿನಲ್ಲಿ ಎಂಜಿನ್ನಿನ ಶಬ್ದ ಕುಗ್ಗಿದರೆ ಎಂಜಿನ್ನಿಗೆ ಭಾರ ಹೆಚ್ಚಾಯಿತು ಅಂತ ಅರ್ಥ: ಗೇರ್ ಅನುಪಾತವೋ, ಇಂಧನವೋ ಸರಿಯಿಲ್ಲ. ಆದರೆ ಶಬ್ದ ಏರುತ್ತಿದ್ದರೆ? ಎಂಜಿನ್ ಆರೋಗ್ಯವಾಗಿದೆ, ಅದರ ಶಕ್ತಿ ಚಕ್ರ ತಲುಪುವ ಮೊದಲೇ ಎಲ್ಲೋ ಜಾರುತ್ತಿದೆ. ಹಾಗಾದರೆ ಸೂಜಿ ಮುಟ್ಟುವುದೇ ಬೇಡ. ಚಕ್ರದ ತುದಿಯಿಂದ ಹಿಂದಕ್ಕೆ ಹೋಗಬೇಕು. ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿ ಡಿಫರೆನ್ಷಿಯಲ್ ನೋಡು, ಚಕ್ರದ ಒಳಗಿನ ಪಿನ್ನು ಕತ್ತರಿಸಿದೆಯಾ ನೋಡು, ದೊಡ್ಡ ಗೇರಿನ ಹಲ್ಲು ಸವೆದಿದೆಯಾ ನೋಡು, ಎರಡು ಗೇರಿನ ನಡುವೆ ಕಾಗದದ ಚೂರು ಹಾಕಿ ತಿರುಗಿಸಿ ಅಂತರ ಸರಿಯಿದೆಯಾ ನೋಡು. ಎಲ್ಲ ಸರಿ ಇತ್ತು. ಕೊನೆಗೆ ಉಳಿದದ್ದು ಕ್ಲಚ್. ಗೇರಿಲ್ಲದ ಸ್ಕೂಟರಿನಲ್ಲಿ ಇರುವಂಥದ್ದೇ: ವೇಗ ಹೆಚ್ಚಿದಂತೆ ಶೂಗಳು ಹೊರಕ್ಕೆ ಚಿಮ್ಮಿ ಬಟ್ಟಲನ್ನು ಅಪ್ಪಿ ಹಿಡಿಯುತ್ತವೆ. ಬಟ್ಟಲು ಬಿಚ್ಚಿದರೆ ಒಳಗೆಲ್ಲ ಎಣ್ಣೆ, ಶೂಗಳು ಗಾಜಿನಂತೆ ಹೊಳೆಯುತ್ತಿವೆ. ಎಂಜಿನ್ನಿನ ಮುಂದಿನ ಬೇರಿಂಗ್ ಸೋರುತ್ತಿತ್ತು. ಬೇರಿಂಗ್ ಬದಲಿಸಿ, ಬಟ್ಟಲು ತೊಳೆದು, ಶೂಗಳನ್ನು ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಟ್ರಕ್ ಹಲಗೆ ಹತ್ತಿತು. ವರ್ಷಾಂತ್ಯದ ವರದಿಯಲ್ಲಿ ಅದು ಟ್ಯೂನಿಂಗ್ ತಂಡದ ಸಾಧನೆಯಾಗಿ ದಾಖಲಾಯಿತು. ನನ್ನ ಹೆಸರು ಕೊನೆಯ ಪುಟದಲ್ಲಿ, ದಾಖಲೆ ನಿರ್ವಹಣೆ ಅನ್ನುವ ತಲೆಬರಹದ ಕೆಳಗೆ.

ಬರ್ತಾಳ ಪ್ರಯಾಣದ ಬಗ್ಗೆ ನಾನು ಓದತೊಡಗಿದ್ದು ಅದಾದ ಮೇಲೆ.

1888ರ ಹೊತ್ತಿಗೆ ಕಾರ್ಲ್ ಮೂರನೇ ಮಾದರಿ ಮಾಡಿದ್ದ. ಎರಡು ಅಶ್ವಶಕ್ತಿಯ ಆಸುಪಾಸು, ಗಂಟೆಗೆ 16 ಕಿಲೋಮೀಟರ್ ವೇಗ. ಆದರೆ ಕೊಳ್ಳುವವರಿಲ್ಲ. ಜನಕ್ಕೆ ಅದು ಸದ್ದು ಮಾಡುವ, ವಾಸನೆ ಬಿಡುವ ವಿಚಿತ್ರ. ಕಾರ್ಲ್ ತಾನೂ ಅದನ್ನು ಊರ ಸುತ್ತ ಓಡಿಸಿ ನೋಡುತ್ತಿದ್ದನೇ ಹೊರತು ದೂರ ಒಯ್ಯುತ್ತಿರಲಿಲ್ಲ. ಇನ್ನೂ ಒಂದು ಸ್ಕ್ರೂ ಸರಿ ಮಾಡೋಣ, ಇನ್ನೂ ಒಂದು ಕವಾಟ ಬದಲಿಸೋಣ ಅನ್ನುವ ಜಾತಿ. ಪ್ರಾಜೆಕ್ಟ್ ಸಬ್ಮಿಷನ್ ದಿನದವರೆಗೆ ಕೋಡ್ ತಿದ್ದುತ್ತಲೇ ಇರುವ ಸ್ನೇಹಿತ ನಿಮಗೂ ಒಬ್ಬ ಇರಬಹುದು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಕಾರ್ಲ್ ಇನ್ನೂ ಮಲಗಿದ್ದಾಗ, ಬರ್ತಾ 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್‌ನನ್ನು ಕರೆದುಕೊಂಡು ಗಾಡಿ ಹೊರಗೆ ತಂದಳು. ಸದ್ದಾಗದಂತೆ ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಆಮೇಲೆ ಚಾಲೂ ಮಾಡಿದರಂತೆ. ಗುರಿ ತವರೂರು ಫೋರ್ಟ್ಸ್‌ಹೈಮ್, ಸುಮಾರು 104 ಕಿಲೋಮೀಟರ್. ಅಮ್ಮನನ್ನು ನೋಡಲು ಹೋಗುವ ನೆಪ. ಈ ಪ್ರಯಾಣದ ವಿವರಗಳು ನಮಗೆ ಸಿಕ್ಕಿರುವುದು ಮನೆಯವರು ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡು ಹೇಳಿದ್ದರಿಂದ. ಹಾಗಾಗಿ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಮುಖ್ಯ ಸಂಗತಿಗಳಲ್ಲಿ ವ್ಯತ್ಯಾಸವಿಲ್ಲ.

ಅಂದು ಪೆಟ್ರೋಲ್ ಬಂಕ್ ಇಲ್ಲ, ಮೆಕ್ಯಾನಿಕ್ ಇಲ್ಲ, ಕಾರಿಗೆಂದು ಮಾಡಿದ ರಸ್ತೆ ಇಲ್ಲ. ಎತ್ತಿನ ಗಾಡಿ, ಕುದುರೆ ಗಾಡಿಗಳ ಜಾಡು ಮಾತ್ರ. ವೀಸ್‌ಲಾಕ್ ಎಂಬ ಊರಿನಲ್ಲಿ ಇಂಧನ ಮುಗಿಯುತ್ತಾ ಬಂದಾಗ ಬರ್ತಾ ಔಷಧಿ ಅಂಗಡಿಗೆ ಹೋಗಿ ಲಿಗ್ರೋಯಿನ್ ಕೊಂಡಳು. ಬಟ್ಟೆಯ ಕಲೆ ತೆಗೆಯಲು ಜನ ಬಳಸುತ್ತಿದ್ದ ಪೆಟ್ರೋಲಿಯಂ ದ್ರವ ಅದು, ಆ ಗಾಡಿಗೆ ಅದೇ ಇಂಧನ. ಆ ಅಂಗಡಿ ತಾನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಇಂದಿಗೂ ಹೇಳಿಕೊಳ್ಳುತ್ತದೆ. ಎಂಜಿನ್ ತಣ್ಣಗಾಗಲು ಬೇಕಾದ ನೀರು ಆವಿಯಾಗಿ ಹೋಗುತ್ತಲೇ ಇತ್ತು. ಬಾವಿ, ಹಳ್ಳ, ಸಿಕ್ಕಲ್ಲೆಲ್ಲ ತುಂಬಿಸಿಕೊಂಡರು.

ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಉದ್ದ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದು, ಇಗ್ನಿಷನ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನು ಸುತ್ತಿದ್ದು ಎಲ್ಲರಿಗೂ ಗೊತ್ತಿರುವ ಭಾಗ. ಜನಕ್ಕೆ ಇದು ಯಾಕೆ ಇಷ್ಟ ಅಂತ ನನಗೆ ಗೊತ್ತು. ಪಿನ್ನು, ಪಟ್ಟಿ ಎರಡೂ ಹೆಂಗಸರ ಸಾಮಾನು, ಕಥೆಗೆ ಮುದ್ದು ಬರುತ್ತದೆ. ಆದರೆ ಇವೆರಡೂ ದಾರಿಯಲ್ಲೇ ಮುಗಿದ ರಿಪೇರಿ. ವಿನ್ಯಾಸವನ್ನೇ ಪ್ರಶ್ನಿಸಿದ ತೊಂದರೆಗಳು ಬೇರೆ ಇದ್ದವು. ಅವೆಲ್ಲ ಶಕ್ತಿ ಚಕ್ರಕ್ಕೆ ಹೋಗುವ ಮತ್ತು ಚಕ್ರವನ್ನು ತಡೆಯುವ ಕಡೆಯವು.

ಮೊದಲನೆಯದು ಚೈನು. ಅಷ್ಟು ಉದ್ದದ ದಾರಿಯಲ್ಲಿ ಎಳೆದು ಎಳೆದು ಅದು ತೊಂದರೆ ಕೊಡತೊಡಗಿತು. ಸೈಕಲ್ ತುಳಿದವರಿಗೆಲ್ಲ ಗೊತ್ತು, ಸಡಿಲ ಚೈನು ಸಮತಟ್ಟಿನಲ್ಲಿ ಸುಮ್ಮನಿರುತ್ತದೆ, ಏರಿನಲ್ಲಿ ಒತ್ತಿ ತುಳಿದಾಗ ಕಳಚಿಕೊಳ್ಳುತ್ತದೆ. ಬ್ರುಕ್‌ಸಾಲ್ ಊರಿನಲ್ಲಿ ಕಮ್ಮಾರನೊಬ್ಬನಿಂದ ಅದನ್ನು ಸರಿ ಮಾಡಿಸಿದಳು. ಯೋಚಿಸಿ, ಆ ಕಮ್ಮಾರ ಅಲ್ಲಿಯವರೆಗೆ ಮೋಟಾರು ಗಾಡಿಯನ್ನೇ ನೋಡಿರಲಾರ. ಯಾವ ಭಾಗಕ್ಕೆ ಏನಾಗಿದೆ, ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಗಾಡಿ ಬಲ್ಲವರೇ ಅವನಿಗೆ ತೋರಿಸಿಕೊಡಬೇಕು. ಅಲ್ಲಿ ಆ ಗಾಡಿ ಬಲ್ಲವರು ಅಂದರೆ ಒಬ್ಬ ತಾಯಿ, ಇಬ್ಬರು ಶಾಲಾ ಹುಡುಗರು.

ಎರಡನೆಯದು ಏರು. ಫೋರ್ಟ್ಸ್‌ಹೈಮ್ ಕಡೆಗೆ ಹೋದಂತೆ ಗುಡ್ಡಗಳು ಶುರುವಾಗುತ್ತವೆ. ಗಾಡಿ ಹತ್ತಲಿಲ್ಲ. ಒಬ್ಬ ಮಗ ಸ್ಟಿಯರಿಂಗ್ ಹಿಡಿದ, ಇನ್ನೊಬ್ಬ ಮಗನೂ ತಾಯಿಯೂ ಇಳಿದು ತಳ್ಳಿದರು.

ಯಾಕೆ ಹತ್ತಲಿಲ್ಲ ಅಂತ ನಾನೇ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಗಾಡಿಯೂ ಮೂವರೂ ಸೇರಿ ಅರ್ಧ ಟನ್ ಅಂದುಕೊಳ್ಳಿ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆ ಅಂದುಕೊಳ್ಳಿ. ಆ ಏರಿನಲ್ಲಿ ಗಾಡಿಯನ್ನು 50 ಕೆಜಿ ಭಾರ ಹಿಂದಕ್ಕೆ ಎಳೆಯುತ್ತಿರುತ್ತದೆ. ಎರಡು ಅಶ್ವಶಕ್ತಿ ಅಂದರೆ ಸೆಕೆಂಡಿಗೆ ಸುಮಾರು 150 ಕೆಜಿಯನ್ನು ಒಂದು ಮೀಟರ್ ಎತ್ತುವ ಶಕ್ತಿ. 150ನ್ನು 50ರಿಂದ ಭಾಗಿಸಿದರೆ ಸೆಕೆಂಡಿಗೆ 3 ಮೀಟರ್, ಗಂಟೆಗೆ 11 ಕಿಲೋಮೀಟರ್‌ಗೂ ಕಡಿಮೆ. ಬೆಲ್ಟು, ಚೈನು, ಮಣ್ಣಿನ ರಸ್ತೆ ಸೇರಿ ಅರ್ಧ ತಿಂದರೆ ಉಳಿಯುವುದು ಐದು ಚಿಲ್ಲರೆ ಕಿಲೋಮೀಟರ್. ಅಂದರೆ ಶಕ್ತಿ ಇತ್ತು! ನಡೆಯುವ ವೇಗದಲ್ಲಿ ಹತ್ತಲು ಸಾಕಾಗುವಷ್ಟು ಇತ್ತು. ಆದರೆ ಗೇರ್ ಇದ್ದದ್ದು ಸಮತಟ್ಟು ರಸ್ತೆಯ ವೇಗಕ್ಕೆ. ಗಾಡಿ ನಿಧಾನವಾದರೆ ಎಂಜಿನ್ನೂ ಅದೇ ಲೆಕ್ಕದಲ್ಲಿ ನಿಧಾನವಾಗಬೇಕು, ಎಂಜಿನ್ ನಿಧಾನವಾದರೆ ಶಕ್ತಿಯೂ ಇಳಿಯುತ್ತದೆ, ಶಕ್ತಿ ಇಳಿದರೆ ಇನ್ನೂ ನಿಧಾನ. ಕೊನೆಗೆ ಉಸಿರು ನಿಲ್ಲುತ್ತದೆ. ಟ್ರಕ್ಕಿನ ಭಾಷೆಯಲ್ಲಿ ಹೇಳಿದರೆ ಶಬ್ದ ಕುಗ್ಗುವ ಜಾತಿಯ ತೊಂದರೆ, ಕಿರುಚುವ ಜಾತಿಯದಲ್ಲ. ಇದಕ್ಕೆ ಮದ್ದು ಹೆಚ್ಚು ಶಕ್ತಿಯ ಎಂಜಿನ್ನೇ ಆಗಬೇಕಿಲ್ಲ. ಎಂಜಿನ್ ತನ್ನ ವೇಗದಲ್ಲೇ ತಿರುಗುತ್ತಿರುವಾಗ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವಂತೆ ಮಾಡುವ ಇನ್ನೊಂದು ಗೇರ್ ಸಾಕು.

ವರ್ಕ್‌ಶಾಪಿನ ಅಂಗಳದಲ್ಲಿ ಇದು ಕಾಣುವುದೇ ಇಲ್ಲ. ಮ್ಯಾನ್‌ಹೈಮ್ ಇರುವುದು ರೈನ್ ನದಿಯ ಬಯಲಿನಲ್ಲಿ. ಸುತ್ತಲೂ ಸಮತಟ್ಟು. ಕಾರ್ಲ್ ಎಷ್ಟೇ ಬುದ್ಧಿವಂತನಾದರೂ ಅವನ ಮನೆ ಮುಂದೆ ಗುಡ್ಡ ಇರಲಿಲ್ಲ.

ಮೂರನೆಯದು ಏರಿನ ಅಣ್ಣ, ಇಳಿಜಾರು. ಹತ್ತಿದ ಗಾಡಿ ಇಳಿಯಬೇಕಲ್ಲ. ಆ ಗಾಡಿಯ ಬ್ರೇಕ್ ಅಂದರೆ ಉಜ್ಜಿ ತಡೆಯುವ ಮರದ ತುಂಡು. ಒಂದೆರಡು ಇಳಿಜಾರಿಗೆ ಅದು ಸವೆದುಹೋಗುತ್ತಿತ್ತು. ಬೌಷ್‌ಲಾಟ್ ಎಂಬ ಹಳ್ಳಿಯಲ್ಲಿ ಬೂಟು ಹೊಲಿಯುವವನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಆ ಮರದ ತುಂಡುಗಳಿಗೆ ಚರ್ಮ ಹೊಡೆಸಿಕೊಂಡಳು. ಮರಕ್ಕಿಂತ ಚರ್ಮ ಚೆನ್ನಾಗಿ ಹಿಡಿಯುತ್ತದೆ, ಸವೆದರೆ ಬದಲಿಸಬಹುದು. ಇಂದು ನಿಮ್ಮ ಬೈಕಿನ ಬ್ರೇಕ್ ಶೂ ಬದಲಿಸುವಾಗ ಮೆಕ್ಯಾನಿಕ್ ಲೈನಿಂಗ್ ಹೋಗಿದೆ ಅನ್ನುತ್ತಾರಲ್ಲ, ಆ ಲೈನಿಂಗ್ ಅನ್ನುವ ಯೋಚನೆ ಕಾರಿನ ಚರಿತ್ರೆಗೆ ಬಂದದ್ದು ಹೀಗೆ, ಬೂಟಿನ ಅಂಗಡಿಯಲ್ಲಿ.

ಹೋಗುವ ದಿನ ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ಮುಟ್ಟಿದರು. ತಲುಪಿದ ಸುದ್ದಿ ತಂತಿಯ ಮೂಲಕ ಕಾರ್ಲ್‌ಗೆ ಹೋಯಿತು. ಕೆಲವು ದಿನ ಇದ್ದು, ಬೇರೆ ದಾರಿಯಲ್ಲಿ ಅದೇ ಗಾಡಿ ಓಡಿಸಿಕೊಂಡು ಮ್ಯಾನ್‌ಹೈಮ್‌ಗೆ ವಾಪಸಾದರು. ಹೋಗಿ ಬರುವುದು ಸೇರಿ ಸುಮಾರು 190 ಕಿಲೋಮೀಟರ್. ಅಷ್ಟು ದೂರ ಅದಕ್ಕೆ ಮೊದಲು ಯಾರೂ ಮೋಟಾರು ಗಾಡಿ ಓಡಿಸಿರಲಿಲ್ಲ.

ಮನೆಗೆ ತಂದದ್ದು ಸುದ್ದಿ ಮಾತ್ರವಲ್ಲ, ದೋಷಗಳ ಪಟ್ಟಿ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಗುಡ್ಡ ಹತ್ತಲು ಇನ್ನೊಂದು ಗೇರ್ ಬೇಕು ಅನ್ನುವುದು. ಕಾರ್ಲ್ ಸೇರಿಸಿದ. ಬ್ರೇಕಿಗೆ ಲೈನಿಂಗ್ ಬಂತು. ಇದನ್ನು ನಾನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬಹಳಷ್ಟು ಬರಹಗಳಲ್ಲಿ ಬರ್ತಾಳ ಪ್ರಯಾಣವನ್ನು ಪ್ರಚಾರ ತಂತ್ರ ಅಂತ ಬರೆಯುತ್ತಾರೆ, ಗಂಡನ ಗಾಡಿಯನ್ನು ಜನಕ್ಕೆ ತೋರಿಸಿದ ಧೈರ್ಯವಂತೆ ಅಂತ. ಪ್ರಚಾರ ಸಿಕ್ಕಿದ್ದು ನಿಜ. ಅದೇ ವರ್ಷ ಮ್ಯೂನಿಕ್‌ನ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕವೂ ಬಂತು. ಆದರೆ ಭಾರ ಹಾಕಿ, ದೂರ ಓಡಿಸಿ, ಎಲ್ಲಿ ಸೋಲುತ್ತದೆ ಅಂತ ನೋಡಿ, ಕಾರಣ ಗುರುತಿಸಿ, ಬದಲಾವಣೆ ಕೇಳುವುದಕ್ಕೆ ಪ್ರಚಾರ ಅನ್ನುವುದಿಲ್ಲ. ಅದಕ್ಕೆ ಟೆಸ್ಟಿಂಗ್ ಅನ್ನುತ್ತಾರೆ. ಬೆಂಗಳೂರಿನಲ್ಲಿ 1996ರಿಂದ ಇರುವ ಬೆಂಜ್ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಸೇರಬೇಕು ಅಂತ ನಮ್ಮ ಬ್ರಾಂಚಿನ ಅರ್ಧ ಜನ ಕನಸು ಕಾಣುತ್ತಾರೆ. ಇಂಥ ಕಡೆಗಳಲ್ಲಿ ಟೆಸ್ಟಿಂಗ್ ಅನ್ನುವುದು ಸಂಬಳ, ಹುದ್ದೆ ಇರುವ ಕೆಲಸ. 1888ರಲ್ಲಿ ಅದಕ್ಕೆ ಇದ್ದ ಹೆಸರು, ತವರಿಗೆ ಹೋಗಿಬಂದಳು.

ಹಾಗಂತ ಕಾರ್ಲ್ ಮೋಸಗಾರ ಅಂತ ಅಂದುಕೊಳ್ಳಬೇಡಿ. ಆತ ತನ್ನ ಆತ್ಮಕಥೆಯಲ್ಲಿ, ಬದುಕಿನ ದೋಣಿ ಮುಳುಗುವ ಹೊತ್ತಿನಲ್ಲಿ ಜೊತೆ ಬಿಡದೆ ನಿಂತದ್ದು ಹೆಂಡತಿ ಒಬ್ಬಳೇ ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾನೆ. ಮನಃಪೂರ್ವಕ ಮಾತೇ. ಆದರೆ ಜೊತೆ ನಿಲ್ಲುವುದು ಬೇರೆ, ಗೇರ್ ಬೇಕು ಅಂತ ಕಂಡುಹಿಡಿಯುವುದು ಬೇರೆ. ಮೊದಲನೆಯದಕ್ಕೆ ಹೊಗಳಿಕೆ ಸುಲಭವಾಗಿ ಸಿಗುತ್ತದೆ.

ಗಾಡಿಗಳು ಮಾರಾಟವಾದವು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬೆಂಜ್ ಕಂಪನಿ ಜಗತ್ತಿನ ದೊಡ್ಡ ಕಾರು ತಯಾರಕ ಸಂಸ್ಥೆಯಾಗಿತ್ತು. 1903ರಲ್ಲಿ ಕಾರ್ಲ್ ಭಿನ್ನಾಭಿಪ್ರಾಯದಿಂದ ತಾನೇ ಕಟ್ಟಿದ ಕಂಪನಿಯ ಆಡಳಿತದಿಂದ ಹೊರಬಂದ. ಮನೆಯವರು ಲಾಡೆನ್‌ಬರ್ಗ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. 1906ರಲ್ಲಿ ಮಕ್ಕಳ ಜೊತೆ ಸೇರಿ ಅಲ್ಲೇ ಇನ್ನೊಂದು ಸಣ್ಣ ಕಂಪನಿ ತೆರೆದರು. ಅಂದು ಗಾಡಿ ತಳ್ಳಿದ್ದ ಯೂಜೆನ್, ರಿಚರ್ಡ್ ಇಬ್ಬರೂ ಕಾರು ತಯಾರಿಸುವವರೇ ಆದರು. ಮೊದಲ ಮಹಾಯುದ್ಧದ ನಂತರದ ಬೆಲೆಯೇರಿಕೆಯಲ್ಲಿ ಜರ್ಮನಿಯ ಎಷ್ಟೋ ಮನೆಗಳಂತೆ ಇವರ ಉಳಿತಾಯವೂ ಕರಗಿತು. 1926ರಲ್ಲಿ ಹಳೆಯ ಕಂಪನಿ, ತನ್ನ ಹಳೇ ಎದುರಾಳಿ ಡೈಮ್ಲರ್ ಜೊತೆ ಒಂದಾಗಿ ಡೈಮ್ಲರ್ ಬೆಂಜ್ ಆಯಿತು. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡ.

ಬರ್ತಾ ಅದೇ ಮನೆಯಲ್ಲಿ ಇನ್ನೂ 15 ವರ್ಷ ಬದುಕಿದಳು. ಆಕೆ ಸುಮಾರು 40ನೇ ವಯಸ್ಸಿನಲ್ಲಿ ತಳ್ಳಿಕೊಂಡು ಹೋಗಿದ್ದ ಗುಡ್ಡಗಳನ್ನು ಕಾರುಗಳು ಗೇರ್ ಬದಲಿಸಿ ಹತ್ತುವುದನ್ನು ಕಣ್ಣಾರೆ ಕಂಡಳು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರ ಮೇ 3ರಂದು, ಆಕೆಯ 95ನೇ ಹುಟ್ಟುಹಬ್ಬಕ್ಕೆ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಸೆನೆಟರ್ ಪದವಿ ಕೊಟ್ಟಿತು. ಕಾರ್ಲ್ ಓದಿದ್ದ ಸಂಸ್ಥೆಯೇ ಅದು. ಆತನಿಗೆ ಅದು ಗೌರವ ಡಾಕ್ಟರೇಟ್ ಕೊಟ್ಟು ಆಗಲೇ ಸುಮಾರು 30 ವರ್ಷ ಆಗಿತ್ತು. ಬರ್ತಾಳ ವಯಸ್ಸು ಇಪ್ಪತ್ತಿದ್ದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಎಂಜಿನಿಯರಿಂಗ್ ಸೀಟು ಅನ್ನುವ ಮಾತೇ ಇರಲಿಲ್ಲ.

ಗೌರವ ಬಂದ ಎರಡು ದಿನಕ್ಕೆ, ಮೇ 5ರಂದು, ಬರ್ತಾ ಲಾಡೆನ್‌ಬರ್ಗ್‌ನ ಮನೆಯಲ್ಲಿ ಕಣ್ಣು ಮುಚ್ಚಿದಳು. 2008ರಲ್ಲಿ ಆಕೆ ಹೋಗಿ ಬಂದ ದಾರಿಗೆ ಆಕೆಯ ಹೆಸರಿಟ್ಟರು. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ, ಆ ಔಷಧಿ ಅಂಗಡಿ, ಬ್ರುಕ್‌ಸಾಲ್, ಬೌಷ್‌ಲಾಟ್‌ ಎಲ್ಲವನ್ನೂ ಮುಟ್ಟಿಕೊಂಡು ಇಂದು ಯಾರು ಬೇಕಾದರೂ ಕಾರಿನಲ್ಲಿ ಹೋಗಿಬರಬಹುದು. ಏರುಗಳು ಹಾಗೇ ಇವೆ.